ರೇಷ್ಮೆ ಹುಳುವಿನ ಜೀನೋಮು: ಓದಿದ್ದು ಹೇಗೆ, ಜೋಡಿಸಿದ್ದು ಹೇಗೆ?

ಇಳಕಲ್ ಸೀರೆಯನ್ನು ಅರಿಯದ ಮನೆ ನಮ್ಮ ಭಾಗದಲ್ಲಿ ಇಲ್ಲ. ಒಡಲು ಹತ್ತಿಯದಾದರೂ ಅದರ ಸೆರಗು ರೇಷ್ಮೆಯದು. ಒಡಲಿನ ಹಾಸಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುವುದು ಅಲ್ಲಿಯ ನೇಕಾರರ ಹೆಚ್ಚುಗಾರಿಕೆ. ಆ ಸೆರಗಿನ ನೂಲನ್ನು ನೂತದ್ದು ಗಿರಣಿಯೂ ಅಲ್ಲ, ಮನುಷ್ಯನೂ ಅಲ್ಲ. ಹಿಪ್ಪುನೇರಳೆಯ ಎಲೆ ತಿಂದು ಬೆಳೆದ ಒಂದು ಪತಂಗದ ಮರಿ. ಅದನ್ನೇ ನಾವು ರೇಷ್ಮೆ ಹುಳು ಎಂದು ಕರೆಯುತ್ತೇವೆ.

ಮೊಟ್ಟೆಯಿಂದ ಹೊರಬಿದ್ದಾಗ ಅದು ಕಪ್ಪು ಎಳೆಯ ತುಣುಕಿನಷ್ಟು ಸಣ್ಣದು. ಸುಮಾರು ಇಪ್ಪತ್ತೈದು ದಿನಗಳಲ್ಲಿ ನಾಲ್ಕು ಸಲ ಪೊರೆ ಕಳಚಿ (ರೈತರು ಇದಕ್ಕೆ 'ಜ್ವರ' ಎನ್ನುತ್ತಾರೆ) ಹುಟ್ಟಿದಾಗಿನ ತೂಕದ ಹತ್ತು ಸಾವಿರ ಪಟ್ಟು ತೂಗುವಂತೆ ಬೆಳೆಯುತ್ತದೆ. ಆಮೇಲೆ ಹಣ್ಣಾದ ಹುಳು ಚಂದ್ರಿಕೆಯ ಮೇಲೆ ಗೂಡು ಕಟ್ಟುತ್ತದೆ. ಒಳ್ಳೆಯ ತಳಿಯ ಒಂದೇ ಗೂಡಿನ ಎಳೆಯನ್ನು ಬಿಚ್ಚಿದರೆ ಒಂದು ಕಿಲೋಮೀಟರಿಗೂ ಹೆಚ್ಚು ಉದ್ದವಾಗುತ್ತದೆ. ಗೂಡು ಸೀಳಿ ಹೊರಬರುವ ಪತಂಗಕ್ಕೆ ಹಾರಲೂ ಬಾರದು, ಉಣ್ಣಲೂ ಬಾರದು. ಕೂಡಿ, ನಾನೂರು ಐನೂರು ಮೊಟ್ಟೆ ಇಟ್ಟು ಸಾಯುತ್ತದೆ. ಸುಮಾರು ಐದು ಸಾವಿರ ವರ್ಷಗಳಿಂದ ಮನುಷ್ಯನ ಮನೆಯಲ್ಲಿಯೇ ಬೆಳೆದ ಪ್ರಾಣಿ ಅದು. ಈಗ ಕಾಡಿಗೆ ಬಿಟ್ಟರೆ ಬದುಕಲಾರದು.

ಕರ್ನಾಟಕದ ರಾಮನಗರ, ಕೋಲಾರ, ಚಿಕ್ಕಬಳ್ಳಾಪುರ, ಮಂಡ್ಯದ ಕಡೆ ಸಾವಿರಾರು ಮನೆಗಳ ಒಲೆ ಉರಿಯುವುದು ಈ ಹುಳುವಿನಿಂದ. ಆದರೆ ಇದನ್ನು ನಂಬಿದ ರೈತನಿಗೆ ನಿಶ್ಚಿಂತೆಯ ನಿದ್ದೆಯಿಲ್ಲ. ಹಾಲುತೊಂಡೆ ರೋಗ, ಗಂಟು ರೋಗ, ಸಪ್ಪೆ ರೋಗ, ಸುಣ್ಣಕಟ್ಟು ರೋಗ ಹೀಗೆ ಇದಕ್ಕೆ ಬರುವ ಕಾಯಿಲೆಗಳು ಹಲವು. ಇಪ್ಪತ್ತು ದಿನ ಸೊಪ್ಪು ಹಾಕಿ ಸಾಕಿದ ಹುಳುಗಳು ಗೂಡು ಕಟ್ಟುವ ಹೊತ್ತಿಗೆ ಮೈ ಊದಿ, ಹಾಲಿನಂಥ ರಸ ಸೋರಿ, ತಟ್ಟೆ ತಟ್ಟೆಯಾಗಿ ಸತ್ತರೆ ಸೊಪ್ಪಿನ ಖರ್ಚೂ ಹೋಯಿತು, ದುಡಿಮೆಯೂ ಹೋಯಿತು. ಒಂದು ತಳಿ ಈ ರೋಗವನ್ನು ತಾಳುತ್ತದೆ, ಇನ್ನೊಂದು ತಾಳುವುದಿಲ್ಲ. ಒಂದು ತಳಿಯ ಎಳೆ ಉದ್ದ, ಇನ್ನೊಂದರದು ಗಿಡ್ಡ. ಮೈಸೂರಿನ ನಾಡತಳಿ ಬಿಸಿಲನ್ನೂ ರೋಗವನ್ನೂ ತಾಳಿಕೊಂಡೀತು, ಆದರೆ ಅದರ ನೂಲು ಕಡಿಮೆ. ಹೊರನಾಡಿನಿಂದ ಬಂದ ತಳಿಗಳ ನೂಲು ಹೆಚ್ಚು, ತಾಳಿಕೆ ಕಡಿಮೆ. ಈ ವ್ಯತ್ಯಾಸಗಳು ಎಲ್ಲಿ ಬರೆದಿವೆ? ಈ ಪ್ರಶ್ನೆಗೆ ಉತ್ತರ ಹುಡುಕಹೊರಟ ವಿಜ್ಞಾನಿಗಳು ಮಾಡಿದ ಕೆಲಸವನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇವೆ. ಕನ್ನಡ ಕಲಿಸುವವರಿಗೆ ಈ ಉಸಾಬರಿ ಏಕೆ ಎಂದು ವಿಜ್ಞಾನದ ಮಾಸ್ತರರು ನಕ್ಕಾರು. ಆದರೆ ಮುಂದೆ ಓದಿದರೆ ಇದು ನಮ್ಮ ಕಸುಬಿಗೆ ತೀರ ಹತ್ತಿರದ ವಿಷಯ ಎಂಬುದು ಅವರಿಗೂ ಮನವರಿಕೆಯಾದೀತು.

ಪ್ರತಿಯೊಂದು ಜೀವಿಯ ಮೈ ಜೀವಕೋಶಗಳಿಂದ ಆಗಿದೆ ಎಂಬುದನ್ನು ವಿದ್ಯಾರ್ಥಿಗಳು ಕಲಿತಿದ್ದಾರೆ. ಜೀವಕೋಶದ ನಡುವೆ ವರ್ಣತಂತುಗಳಿವೆ. ಮನುಷ್ಯನಲ್ಲಿ ಇವು 23 ಜೊತೆ, ರೇಷ್ಮೆ ಹುಳುವಿನಲ್ಲಿ 28 ಜೊತೆ. ಒಂದೊಂದು ವರ್ಣತಂತುವೂ ಡಿ.ಎನ್.ಎ. ಎಂಬ ಬಹು ಉದ್ದದ ಎಳೆ. ಆ ಎಳೆಯಲ್ಲಿ ನಾಲ್ಕೇ ಬಗೆಯ ಘಟಕಗಳು ಸಾಲಾಗಿ ಬರುತ್ತವೆ. ಅವುಗಳಿಗೆ ಎ, ಟಿ, ಜಿ, ಸಿ ಎಂದು ಹೆಸರು. ನಮ್ಮ ವರ್ಣಮಾಲೆಯಲ್ಲಿ ನಾಲ್ವತ್ತೊಂಬತ್ತು ಅಕ್ಷರಗಳಿದ್ದರೆ ಪ್ರಕೃತಿಯ ವರ್ಣಮಾಲೆಯಲ್ಲಿ ನಾಲ್ಕೇ. ಈ ನಾಲ್ಕು ಅಕ್ಷರಗಳ ಸಾಲಿನಲ್ಲಿ ಅಲ್ಲಲ್ಲಿ ಅರ್ಥವುಳ್ಳ ಭಾಗಗಳಿವೆ, ಅವೇ ಜೀನುಗಳು. ಒಂದು ಜೀವಿಯ ಅಕ್ಷರಗಳೆಲ್ಲವೂ ಸೇರಿದ ಇಡೀ ಗ್ರಂಥಕ್ಕೆ ಜೀನೋಮು ಎನ್ನುತ್ತಾರೆ.

ರೇಷ್ಮೆ ಹುಳುವಿನ ಗ್ರಂಥ ಎಷ್ಟು ದೊಡ್ಡದು? ಸುಮಾರು 46 ಕೋಟಿ ಅಕ್ಷರಗಳು. ಒಂದು ಪುಟಕ್ಕೆ ಎರಡು ಸಾವಿರ ಅಕ್ಷರಗಳಂತೆ ಅಚ್ಚು ಹಾಕಿದರೆ 2 ಲಕ್ಷ 30 ಸಾವಿರ ಪುಟಗಳಾಗುತ್ತವೆ. ಇನ್ನೂರು ಪುಟದ ಪುಸ್ತಕಗಳಾಗಿ ಕಟ್ಟಿದರೆ 1,150 ಪುಸ್ತಕಗಳು! ಇಷ್ಟೂ ಒಂದು ಹುಳುವಿನ ಕಣ್ಣಿಗೆ ಕಾಣದ ಒಂದು ಜೀವಕೋಶದೊಳಗೆ ಅಡಗಿದೆ. ಈ ಪುಸ್ತಕಗಳಲ್ಲಿ ಪದಗಳ ನಡುವೆ ತೆರಪಿಲ್ಲ, ಪೂರ್ಣವಿರಾಮವಿಲ್ಲ, ಅಧ್ಯಾಯದ ಹೆಸರಿಲ್ಲ, ಪುಟದ ಅಂಕೆಯೂ ಇಲ್ಲ. ಈ ಕೊನೆಯ ಮಾತನ್ನು ಓದುಗರು ನೆನಪಿಡಬೇಕು. ಮುಂದಿನ ಫಜೀತಿಯೆಲ್ಲ ಅದರಿಂದಲೇ.

ಇಂಗ್ಲೆಂಡಿನ ಫ್ರೆಡರಿಕ್ ಸ್ಯಾಂಗರ್ ಎಂಬ ವಿಜ್ಞಾನಿ 1977ರಲ್ಲಿ ಡಿ.ಎನ್.ಎ. ಅಕ್ಷರಗಳನ್ನು ಓದುವ ಒಂದು ಉಪಾಯವನ್ನು ಪ್ರಕಟಿಸಿದ. ಎಳೆಯ ನಕಲು ತೆಗೆಯಲು ಹಚ್ಚಿ, ಆ ನಕಲು ಒಂದೊಂದು ಅಕ್ಷರಕ್ಕೆ ಬಂದು ನಿಲ್ಲುವಂತೆ ಮಾಡಿ, ನಿಂತ ತುಂಡುಗಳನ್ನು ಉದ್ದದ ಪ್ರಕಾರ ಬೇರ್ಪಡಿಸಿ ನೋಡುವುದು ಅವನ ಉಪಾಯ. ಎಲ್ಲಕ್ಕಿಂತ ಗಿಡ್ಡ ತುಂಡು ಯಾವ ಅಕ್ಷರಕ್ಕೆ ನಿಂತಿತು, ಅದಕ್ಕಿಂತ ಒಂದು ಅಕ್ಷರ ಉದ್ದವಾದದ್ದು ಯಾವುದಕ್ಕೆ ನಿಂತಿತು ಎಂದು ಕ್ರಮವಾಗಿ ನೋಡುತ್ತ ಹೋದರೆ ಸಾಲು ತಿಳಿಯುತ್ತದೆ. ಉಪಾಯ ಸೊಗಸಾದದ್ದೇ. ಆದರೆ ಒಂದು ಸಲಕ್ಕೆ ಐನೂರರಿಂದ ಎಂಟುನೂರು ಅಕ್ಷರ ಓದಬಹುದು, ಹೆಚ್ಚಿಲ್ಲ. ಕೋಟಿಗಟ್ಟಲೆ ಅಕ್ಷರಗಳ ವರ್ಣತಂತುವನ್ನು ಒಂದು ತುದಿಯಿಂದ ಹಿಡಿದು ಇನ್ನೊಂದು ತುದಿಯವರೆಗೆ ಒಂದೇ ಉಸಿರಿನಲ್ಲಿ ಓದುವಂತಿಲ್ಲ.

ಹಾಗಾದರೆ ಮಾಡುವುದೇನು? ಗ್ರಂಥದ ಹಲವು ಪ್ರತಿಗಳನ್ನು ತೆಗೆದುಕೊಂಡು ಎಲ್ಲವನ್ನೂ ಮನಸ್ಸಿಗೆ ಬಂದ ಕಡೆ ಹರಿದು ಚೂರು ಮಾಡುವುದು; ಒಂದೊಂದು ಚೂರನ್ನೂ ಓದುವುದು; ಆಮೇಲೆ ಚೂರುಗಳನ್ನು ಜೋಡಿಸಿ ಮೂಲವನ್ನು ಪಡೆಯುವುದು. ಕೇಳಿದರೆ ಹುಚ್ಚರ ಕೆಲಸವೆನಿಸೀತು. ಆದರೆ ಬೇರೆ ಬೇರೆ ಪ್ರತಿಗಳು ಬೇರೆ ಬೇರೆ ಕಡೆಗೆ ಹರಿದಿರುವುದರಿಂದ ಒಂದು ಚೂರಿನ ಬಾಲವೂ ಇನ್ನೊಂದು ಚೂರಿನ ತಲೆಯೂ ಒಂದೇ ಆಗಿರುತ್ತವೆ. ಈ ಮೂರು ಚೂರುಗಳನ್ನು ನೋಡಿರಿ:

'ಮಹಾಪೂರ ಬಂದಾಗ ಊರಿನ ಜನರು'
'ಊರಿನ ಜನರು ದನಕರುಗಳನ್ನು ಎತ್ತರಕ್ಕೆ ಹೊಡೆದರು'
'ಕೃಷ್ಣೆಗೆ ಮಹಾಪೂರ ಬಂದಾಗ'

ನಮ್ಮ ಐದನೆಯ ಇಯತ್ತೆಯ ಮಗುವೂ ಇವನ್ನು ಜೋಡಿಸಿ ಪೂರ್ಣ ವಾಕ್ಯವನ್ನು ಹೇಳೀತು. ಜೀನೋಮಿನಲ್ಲಿ ಇಂಥ ಚೂರುಗಳು ಲಕ್ಷಗಟ್ಟಲೆ. ಆದ್ದರಿಂದ ಜೋಡಿಸುವ ಕೆಲಸವನ್ನು ಗಣಕಯಂತ್ರಗಳಿಗೆ ಒಪ್ಪಿಸುತ್ತಾರೆ. ಪ್ರತಿಯೊಂದು ಚೂರಿನ ತುದಿಯನ್ನೂ ಉಳಿದ ಚೂರುಗಳ ತುದಿಗಳೊಡನೆ ತಾಳೆ ನೋಡುತ್ತ ಅವು ಹಗಲಿರುಳು ಕುಳಿತಿರುತ್ತವೆ.

ಹಳೆಯ ಗ್ರಂಥಗಳ ಸಂಪಾದಕರು ಮಾಡುವ ಕೆಲಸವೂ ಇದೇ ಅಲ್ಲವೇ? ವಿಜಾಪುರದ ಫ. ಗು. ಹಳಕಟ್ಟಿಯವರು ಮನೆಮನೆಯ ತಾಡೋಲೆ ಕಟ್ಟುಗಳನ್ನು ಕೂಡಿಸಿ 1923ರಲ್ಲಿ 'ವಚನಶಾಸ್ತ್ರ ಸಾರ'ದ ಮೊದಲ ಭಾಗವನ್ನು ಹೊರತಂದರು. ತಾಡೋಲೆಯೆಂದರೆ ಒಂದು ಕಟ್ಟಿನಲ್ಲಿ ನಡುವಿನ ಗರಿ ಕಳೆದಿರುತ್ತದೆ, ಇನ್ನೊಂದರಲ್ಲಿ ಅಂಚನ್ನು ಹುಳು ತಿಂದಿರುತ್ತದೆ, ಮತ್ತೊಂದರಲ್ಲಿ ಲಿಪಿಕಾರ ತಪ್ಪಿರುತ್ತಾನೆ. ಹಲವು ಪ್ರತಿಗಳಿದ್ದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ, ಒಂದರ ತಪ್ಪನ್ನು ನಾಲ್ಕು ತಿದ್ದುತ್ತವೆ. ಜೀನೋಮಿನ ಓದುಗರೂ ಒಂದೊಂದು ಭಾಗವನ್ನು ಎಷ್ಟು ಸಲ ಓದಿದೆವು ಎಂದು ಲೆಕ್ಕ ಇಡುತ್ತಾರೆ. ಈ ಲೆಕ್ಕದಲ್ಲಿ ಒಂದು ಸೂಕ್ಷ್ಮವಿದೆ. ಮಳೆಯ ಮೊದಲ ಹನಿಗಳು ಅಂಗಳಕ್ಕೆ ಬೀಳುವುದನ್ನು ನೋಡಿರಿ. ಹಾಸುಗಲ್ಲಿಗೆ ಸರಾಸರಿ ಮೂರು ಹನಿ ಬಿದ್ದರೂ ಒಂದು ಕಲ್ಲಿಗೆ ಏಳು ಬಿದ್ದಿರುತ್ತವೆ, ಇನ್ನೊಂದು ಒಣಗಿಯೇ ಇರುತ್ತದೆ. ಲೆಕ್ಕ ಮಾಡಿದರೆ ನೂರು ಕಲ್ಲುಗಳಲ್ಲಿ ಸುಮಾರು ಐದು ಒಣಗಿರುತ್ತವೆ. ಚೂರುಗಳ ಓದೂ ಹಾಗೆಯೇ. ಸರಾಸರಿ ಮೂರು ಸಲ ಓದಿದರೆ ಗ್ರಂಥದ ನೂರಕ್ಕೆ ಐದು ಪಾಲು ಒಮ್ಮೆಯೂ ಓದಿಗೆ ಸಿಕ್ಕಿರುವುದಿಲ್ಲ.

2004ರಲ್ಲಿ ಜಪಾನಿನ ವಿಜ್ಞಾನಿಗಳು ರೇಷ್ಮೆ ಹುಳುವಿನ ಜೀನೋಮಿನ ಕರಡನ್ನು ಪ್ರಕಟಿಸಿದಾಗ ಅವರು ಓದಿದ್ದು ಸರಾಸರಿ ಮೂರೇ ಸಲ. ಅದೇ ವರ್ಷ ಚೀನದವರು ತಮ್ಮದೇ ಕರಡನ್ನು ಪ್ರಕಟಿಸಿದರು. ಅವರದು ಸುಮಾರು ಆರು ಸಲದ ಓದು. ರೇಷ್ಮೆಯಲ್ಲಿ ಈ ಎರಡು ದೇಶಗಳ ಪೈಪೋಟಿ ಹಳೆಯದು. ಪ್ರತ್ಯೇಕವಾಗಿ ಕುಳಿತು ಒಂದೇ ಗ್ರಂಥವನ್ನು ಎರಡು ಸಲ ಹರಿದು ಎರಡು ಸಲ ಜೋಡಿಸಿದರು. ಎರಡು ಕರಡುಗಳಲ್ಲಿಯೂ ತೂತುಗಳೇ ತೂತುಗಳು. ಒಳ್ಳೆಯದೆಂದರೆ ಇಬ್ಬರೂ ಆರಿಸಿಕೊಂಡದ್ದು ಒಂದೇ ಮೂಲದ ತಳಿ. ಕೊನೆಗೆ ಬುದ್ಧಿ ಕೂಡಿತು. ಇಬ್ಬರ ಚೂರುಗಳನ್ನೂ ಒಂದೇ ರಾಶಿಗೆ ಹಾಕಿ ಹೊಸದಾಗಿ ಜೋಡಿಸಿ 2008ರಲ್ಲಿ ಜಂಟಿ ಆವೃತ್ತಿಯನ್ನು ಹೊರತಂದರು. ಓದು ಈಗ ಎಂಟೂವರೆ ಸಲಕ್ಕೆ ಏರಿತು. ನಮ್ಮ ಅಂಗಳದ ಲೆಕ್ಕದಲ್ಲಿ ಹತ್ತು ಸಾವಿರ ಕಲ್ಲುಗಳಿಗೆ ಎರಡು ಮಾತ್ರ ಒಣಗಿದಂತಾಯಿತು.

ಅಂದ ಮೇಲೆ ಗ್ರಂಥ ಪೂರ್ತಿಯಾಗಬೇಕಿತ್ತಲ್ಲ? ಆಗಲಿಲ್ಲ. ಓದು ಸಾಲದ್ದರಿಂದಲ್ಲ, ಜೋಡಣೆ ಆಗದ್ದರಿಂದ. ಇಲ್ಲಿ ವಿಷಯದ ಗಂಟು ಇದೆ, ಸ್ವಲ್ಪ ನಿಧಾನವಾಗಿ ಬಿಡಿಸೋಣ.

ಬಸವಣ್ಣನವರ ವಚನಗಳು 'ಕೂಡಲಸಂಗಮದೇವಾ' ಎಂಬ ಅಂಕಿತದಿಂದ ಮುಗಿಯುತ್ತವೆ ಎಂಬುದನ್ನು ಬಲ್ಲಿರಿ. ಆ ವಚನಗಳ ಒಂದು ದೊಡ್ಡ ಕಟ್ಟನ್ನು ಯಾರೋ ಹರಿದು ಚೂರು ಮಾಡಿದರು ಎಂದು ಭಾವಿಸಿರಿ. ನಿಮ್ಮ ಕೈಗೆ ಬಂದ ಚೂರಿನಲ್ಲಿ ಅಂಕಿತ ಬಿಟ್ಟು ಬೇರೇನೂ ಇಲ್ಲ. ಅದು ಯಾವ ವಚನದ ಕೊನೆ? ಹೇಳಲು ಬರುವಂತಿಲ್ಲ. ಇನ್ನೊಂದು ಚೂರಿನಲ್ಲಿ ಒಂದು ವಚನದ ಕೊನೆಯ ಮಾತೂ ಅಂಕಿತವೂ ಇವೆ; ಮತ್ತೊಂದರಲ್ಲಿ ಅಂಕಿತವೂ ಮುಂದಿನ ವಚನದ ಮೊದಲ ಮಾತೂ ಇವೆ. ಅಂಕಿತ ಒಂದೇ ಇದೆಯೆಂದು ಎರಡನ್ನೂ ಜೋಡಿಸಿದಿರೋ, ಹತ್ತನೆಯ ವಚನಕ್ಕೆ ಇನ್ನೂರನೆಯದು ಅಂಟಿಕೊಂಡೀತು! ಸಂಪಾದಕನಾದವನು ಇಲ್ಲಿ ಕೈತಡೆದು 'ಮುಂದೆ ತಿಳಿಯದು' ಎಂದು ಬರೆದು ನಿಲ್ಲಿಸಬೇಕು. ಗಣಕಯಂತ್ರವೂ ಹಾಗೆಯೇ ನಿಲ್ಲಿಸುತ್ತದೆ. ಇಚಲಕರಂಜಿಯ ಮಗ್ಗಗಳಲ್ಲಿ ದುಡಿಯುವ ಪಾಲಕರಿಗೆ ಇದನ್ನು ಬೇರೆ ವಿವರಿಸಬೇಕಿಲ್ಲ. ಹಾಸಿನಲ್ಲಿ ಒಂದೇ ಬಣ್ಣದ ಹತ್ತು ಎಳೆ ಒಟ್ಟಿಗೆ ಕಡಿದರೆ ಯಾವ ತುದಿಗೆ ಯಾವ ತುದಿ ಎಂದು ಹುಡುಕುವ ಕಷ್ಟ ಅವರಿಗೇ ಗೊತ್ತು.

ರೇಷ್ಮೆ ಹುಳುವಿನ ಗ್ರಂಥದಲ್ಲಿ ಇಂಥ ಮರುಕಳಿಸುವ ಸಾಲುಗಳು ಎಷ್ಟಿರಬಹುದು? ಅರ್ಧಕ್ಕೆ ಸಮೀಪ! ಒಂದೇ ಸಾಲು ಸಾವಿರಾರು ಕಡೆ ಬರುತ್ತದೆ. ಇವುಗಳಲ್ಲಿ ಬಹಳಷ್ಟು ತಾವೇ ತಮ್ಮ ನಕಲು ಮಾಡಿಕೊಂಡು ಗ್ರಂಥದ ಬೇರೆ ಕಡೆ ಹೋಗಿ ಕೂಡುವ ಅಲೆಮಾರಿ ಸಾಲುಗಳು.

ಇದಕ್ಕಿಂತ ಸ್ವಾರಸ್ಯದ ಸಂಗತಿ ಮುಂದಿದೆ. ಯಾವ ಎಳೆಗಾಗಿ ನಾವು ಈ ಹುಳುವನ್ನು ಸಾಕುತ್ತೇವೆಯೋ ಆ ಎಳೆಯ ಮುಖ್ಯ ವಸ್ತು ಫೈಬ್ರಾಯಿನ್ ಎಂಬ ಪ್ರೋಟೀನು. ಪ್ರೋಟೀನುಗಳು ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಸರಗಳು. ಜೀನಿನ ಮೂರು ಮೂರು ಅಕ್ಷರಗಳು ಒಂದೊಂದು ಮಣಿಯನ್ನು ಹೆಸರಿಸುತ್ತವೆ. ಫೈಬ್ರಾಯಿನ್ನಿನ ದೊಡ್ಡ ಸರದಲ್ಲಿ 5,263 ಮಣಿಗಳಿವೆ. ಇವುಗಳಲ್ಲಿ ನೂರಕ್ಕೆ ಎಂಬತ್ತೆಂಟು ಮಣಿಗಳು ಗ್ಲೈಸಿನ್, ಅಲನಿನ್, ಸೆರೀನ್ ಎಂಬ ಮೂರೇ ಬಗೆಯವು. ಅವು ಬರುವ ರೀತಿಯಾದರೂ ಹೇಗೆ? ಗ್ಲೈಸಿನ್-ಅಲನಿನ್, ಗ್ಲೈಸಿನ್-ಅಲನಿನ್, ಗ್ಲೈಸಿನ್-ಸೆರೀನ್ ಎಂಬ ಆರು ಮಣಿಗಳ ಗುಂಪು ನಾನೂರಕ್ಕೂ ಹೆಚ್ಚು ಸಲ ಮರಳಿ ಮರಳಿ ಬರುತ್ತದೆ. ಭಜನೆಯಲ್ಲಿ ಪಲ್ಲವಿಯನ್ನು ಎತ್ತಿ ಎತ್ತಿ ಹಾಡಿದ ಹಾಗೆ. ರೇಷ್ಮೆಗೆ ಗಟ್ಟಿತನ ಬಂದದ್ದೇ ಇದರಿಂದ. ಮಣಿಗಳು ಚಿಕ್ಕವು, ಕ್ರಮ ಒಂದೇ. ಆದ್ದರಿಂದ ಪಕ್ಕಪಕ್ಕದ ಸರಗಳು ಒಂದಕ್ಕೊಂದು ಒತ್ತಾಗಿ ಹಾಳೆ ಹಾಳೆಯಾಗಿ ಕೂಡುತ್ತವೆ. ಅಡ್ಡಾದಿಡ್ಡಿ ಕಲ್ಲುಗಳ ಗೋಡೆಗಿಂತ ಒಂದೇ ಅಳತೆಯ ಇಟ್ಟಿಗೆಯ ಗೋಡೆ ಒತ್ತಾಗಿರುವಂತೆ.

ಹುಳುವಿಗೆ ಇದು ಒಳ್ಳೆಯದಾಯಿತು, ಓದುವವರಿಗೆ ಕೆಟ್ಟದ್ದಾಯಿತು. ಈ ಜೀನಿನ ಉದ್ದ ಸುಮಾರು 16 ಸಾವಿರ ಅಕ್ಷರ. ಐನೂರು ಅಕ್ಷರದ ಚೂರುಗಳನ್ನು ತೆಗೆದರೆ ಬಹುತೇಕ ಎಲ್ಲವೂ ಪಲ್ಲವಿಯೇ! ಯಾವುದು ಮೊದಲ ಪಲ್ಲವಿ, ಯಾವುದು ನೂರನೆಯದು? ಗ್ರಂಥದ ಎಲ್ಲಕ್ಕಿಂತ ಬೆಲೆಬಾಳುವ ಪುಟವೇ ಜೋಡಿಸಲು ಎಲ್ಲಕ್ಕಿಂತ ಕಠಿಣವಾಯಿತು. ಇಡೀ ಜೀನೋಮಿನ ಕೆಲಸಕ್ಕೆ ಮೊದಲೇ, 2000ರಲ್ಲಿ, ಈ ಒಂದು ಜೀನನ್ನು ಪ್ರತ್ಯೇಕವಾಗಿ ಹಿಡಿದು ಪೂರ್ತಿಯಾಗಿ ಓದಿ ಪ್ರಕಟಿಸಿದರು. ಪಲ್ಲವಿಗಳ ನಡುವೆ ಹನ್ನೊಂದು ಕಡೆ ಸ್ವಲ್ಪ ಬೇರೆಯಾದ ಸಾಲುಗಳು ಬರುತ್ತವೆ ಎಂಬುದು ಆಗ ಸ್ಪಷ್ಟವಾಯಿತು.

ಹೆಣ್ಣು ಪತಂಗದ ಕಥೆಯೂ ಇಂಥದೇ. ನಮ್ಮಲ್ಲಿ ಮಗು ಗಂಡೋ ಹೆಣ್ಣೋ ಎಂಬುದು ತಂದೆಯಿಂದ ಬರುವ ವರ್ಣತಂತುವಿನಿಂದ ನಿರ್ಧಾರವಾಗುತ್ತದೆ. (ಹೆಣ್ಣು ಹಡೆದಳೆಂದು ತಾಯಿಯನ್ನು ದೂರುವವರು ಇದನ್ನು ಎರಡು ಸಲ ಓದಬೇಕು.) ರೇಷ್ಮೆ ಪತಂಗದಲ್ಲಿ ಇದು ತಿರುಗುಮುರುಗು. ಅಲ್ಲಿ ತಾಯಿಯಿಂದ ಬರುವ 'ಡಬ್ಲ್ಯೂ' ಎಂಬ ವರ್ಣತಂತು ಇದ್ದರೆ ಹೆಣ್ಣು. ಈ ಡಬ್ಲ್ಯೂ ತಂತು ಅಲೆಮಾರಿ ಸಾಲುಗಳಿಂದ ಎಷ್ಟು ತುಂಬಿದೆಯೆಂದರೆ ಬರೀ ಅಂಕಿತಗಳ ಕಟ್ಟು ಎನ್ನಬಹುದು. ಆದ್ದರಿಂದ ಮೊದಲ ಆವೃತ್ತಿಗಳಲ್ಲಿ ಅದು ಹೊರಗುಳಿಯಿತು. 'ಕಸ' ಎಂದು ಬಹುಕಾಲ ಕಡೆಗಣಿಸಲಾಗಿದ್ದ ಅದೇ ಸಾಲುಗಳ ನಡುವೆ, ಹೆಣ್ಣುತನವನ್ನು ನಿರ್ಧರಿಸುವ ಒಂದು ಪುಟ್ಟ ಸಂದೇಶ ಅಡಗಿದೆ ಎಂದು ಜಪಾನಿನ ವಿಜ್ಞಾನಿಗಳು 2014ರಲ್ಲಿ ತೋರಿಸಿಕೊಟ್ಟರು. ರೇಷ್ಮೆ ಬೆಳೆಯುವವರಿಗೆ ಇದು ಬರಿಯ ಕುತೂಹಲವಲ್ಲ. ಅಷ್ಟೇ ಸೊಪ್ಪು ತಿಂದು ಗಂಡುಹುಳು ಹೆಣ್ಣಿಗಿಂತ ಹೆಚ್ಚು ನೂಲು ಕೊಡುತ್ತದೆ.

ಹಾಗಾದರೆ ಜೋಡಣೆಯ ಗಂಟನ್ನು ಬಿಡಿಸಿದ್ದು ಹೇಗೆ? ಎರಡು ಉಪಾಯಗಳಿಂದ. ಒಂದು ಹಳೆಯದು, ಒಂದು ಹೊಸದು.

ಹಳೆಯ ಉಪಾಯ ನಕಾಶೆಯದು. ಜಪಾನಿನ ತೊಯಾಮಾ ಕಮೆತಾರೊ ಎಂಬಾತ 1906ರಲ್ಲಿಯೇ ರೇಷ್ಮೆ ಹುಳುಗಳನ್ನು ಅಡ್ಡತಳಿ ಮಾಡಿ, ಮೆಂಡೆಲ್ ಬಟಾಣಿಯಲ್ಲಿ ಕಂಡ ನಿಯಮಗಳು ಪ್ರಾಣಿಗಳಿಗೂ ಸಲ್ಲುತ್ತವೆ ಎಂದು ತೋರಿಸಿದ್ದ. ಗೂಡಿನ ಬಣ್ಣ, ಮೈಮೇಲಿನ ಪಟ್ಟೆ ಇಂಥ ಗುಣಗಳಲ್ಲಿ ಯಾವ ಎರಡು ಒಟ್ಟೊಟ್ಟಿಗೆ ಮರಿಗಳಿಗೆ ಇಳಿಯುತ್ತವೆ ಎಂದು ನೋಡಿದರೆ ಅವು ಒಂದೇ ವರ್ಣತಂತುವಿನಲ್ಲಿ ಹತ್ತಿರ ಹತ್ತಿರ ಇವೆ ಎಂದು ಊಹಿಸಬಹುದು. ಹೀಗೆ ನೂರು ವರ್ಷ ಸಾಕಿ, ಕೂಡಿಸಿ, ಎಣಿಸಿ, ರಸ್ತೆಯ ಮೈಲುಗಲ್ಲುಗಳಂತೆ ಒಂದೊಂದು ವರ್ಣತಂತುವಿಗೂ ಗುರುತುಗಳನ್ನು ನೆಟ್ಟಿದ್ದರು. ಮುಂದೆ ಡಿ.ಎನ್.ಎ.ಯಲ್ಲಿಯೇ ಇಂಥ ಗುರುತುಗಳನ್ನು ಹುಡುಕಿದರು. ಈ ಕೆಲಸದಲ್ಲಿ ನಮ್ಮ ದೇಶದ ಜೆ. ನಾಗರಾಜು ಅವರ ಹೆಸರು ದೊಡ್ಡದು. ಬೆಂಗಳೂರಿನ ರೇಷ್ಮೆ ಜೈವಿಕ ತಂತ್ರಜ್ಞಾನ ಪ್ರಯೋಗಾಲಯದಲ್ಲಿದ್ದು, ಆಮೇಲೆ ಹೈದರಾಬಾದಿನ ಡಿ.ಎನ್.ಎ. ಬೆರಳಚ್ಚು ಕೇಂದ್ರದಲ್ಲಿ ಕೆಲಸ ಮಾಡಿದ ಅವರು 2012ರ ಕೊನೆಯಲ್ಲಿ ತೀರಿಕೊಂಡರು. ಬಿಡಿ ತುಂಡುಗಳಲ್ಲಿ ಇಂಥ ಗುರುತು ಸಿಕ್ಕರೆ ಆ ತುಂಡು ಇಂಥ ವರ್ಣತಂತುವಿನ ಇಂಥ ಮೈಲಿಯದು ಎಂದು ಹೇಳಬಹುದು. 2008ರ ಆವೃತ್ತಿಯಲ್ಲಿ ಜೋಡಿಸಿದ ಸಾಲುಗಳ ನೂರಕ್ಕೆ 87 ಪಾಲನ್ನು ಹೀಗೆಯೇ 28 ವರ್ಣತಂತುಗಳ ಮೇಲೆ ಕೂಡಿಸಿದರು.

ಹೊಸ ಉಪಾಯ ಉದ್ದ ಓದಿನದು. ಅಂಕಿತವೊಂದೇ ಇರುವ ಚೂರು ಉಪಯೋಗವಿಲ್ಲ. ಆದರೆ ಚೂರು ಎಷ್ಟು ಉದ್ದವಿರಬೇಕೆಂದರೆ ಅಂಕಿತದ ಹಿಂದಿನ ವಚನವೂ ಮುಂದಿನ ವಚನವೂ ಅದರಲ್ಲಿಯೇ ಇರಬೇಕು. ಆಗ ಸಂಶಯಕ್ಕೆ ಎಡೆಯೇ ಇಲ್ಲ. ನಡುವಿನ ಕೆಲವು ವರ್ಷ ಯಂತ್ರಗಳು ಇದಕ್ಕೆ ವಿರುದ್ಧ ದಿಕ್ಕಿಗೆ ಓಡಿದ್ದವು. ನೂರು ಅಕ್ಷರದ ಚೂರುಗಳನ್ನು ಅಗ್ಗವಾಗಿ, ಕೋಟಿಗಟ್ಟಲೆ ಓದುತ್ತಿದ್ದವು. ಮುಂದೆ ಒಂದೇ ಎಳೆಯನ್ನು ಹತ್ತು ಸಾವಿರ ಅಕ್ಷರಗಳಿಗೂ ಹೆಚ್ಚು ದೂರ ಓದುವ ಯಂತ್ರಗಳು ಬಂದವು. ಅವುಗಳ ಓದಿನಲ್ಲಿ ತಪ್ಪುಗಳು ಹೆಚ್ಚು. ಚಿಕ್ಕ ಚೂರುಗಳ ಓದಿನಿಂದ ಆ ತಪ್ಪುಗಳನ್ನು ತಿದ್ದಿದರು. ಉದ್ದ ಓದು ಚೌಕಟ್ಟು ಕೊಟ್ಟಿತು, ಚಿಕ್ಕ ಓದು ಕಾಗುಣಿತ ತಿದ್ದಿತು. 2019ರಲ್ಲಿ ಜಪಾನಿನವರು ಈ ರೀತಿಯಲ್ಲಿ ಪ್ರಕಟಿಸಿದ ಆವೃತ್ತಿಯಲ್ಲಿ 46 ಕೋಟಿ ಅಕ್ಷರಗಳ ನಡುವೆ ಉಳಿದ ತೂತುಗಳು ಮೂವತ್ತೇ! ಅದರಲ್ಲಿ ಸುಮಾರು 16,900 ಜೀನುಗಳನ್ನು ಗುರುತಿಸಿದರು.

ಇದರಿಂದ ಹುಳು ಸಾಕುವ ರೈತನಿಗೆ ಏನು ಬಂತು ಎಂದು ಪಾಲಕರು ಕೇಳುವುದು ನ್ಯಾಯವೇ. ಗಂಟು ರೋಗಕ್ಕೆ ಜೀನೋಮು ಬೇಕಾಗಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇವೆ. ಮೊಟ್ಟೆಯಿಟ್ಟ ತಾಯಿಪತಂಗವನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗಾಣು ಕಂಡರೆ ಆ ಮೊಟ್ಟೆಗಳನ್ನು ನಾಶಮಾಡಬೇಕೆಂದು ಫ್ರಾನ್ಸಿನ ಲೂಯಿ ಪಾಶ್ಚರ್ 1860ರ ದಶಕದಲ್ಲಿಯೇ ಕಲಿಸಿದ. ಇಂದಿಗೂ ರೋಗರಹಿತ ಮೊಟ್ಟೆಗಳನ್ನು ತಯಾರಿಸುವುದು ಈ ಕ್ರಮದಿಂದಲೇ. ಹಾಲುತೊಂಡೆ ರೋಗ ಮಾತ್ರ ವೈರಸ್ಸಿನಿಂದ ಬರುವಂಥದು, ಮದ್ದಿಲ್ಲದ್ದು. ಆ ವೈರಸ್ಸಿನದೂ ಒಂದು ಗ್ರಂಥವಿದೆ, ಚಿಕ್ಕದು: ಸುಮಾರು 1 ಲಕ್ಷ 28 ಸಾವಿರ ಅಕ್ಷರ. ನಾಗರಾಜು ಅವರ ತಂಡದವರು ಆ ಗ್ರಂಥದಿಂದ ನಾಲ್ಕು ಮುಖ್ಯ ಜೀನುಗಳ ತುಣುಕುಗಳನ್ನು ಆರಿಸಿ ಹುಳುವಿನ ಜೀನೋಮಿನಲ್ಲಿ ಸೇರಿಸಿದರು. ಕಳ್ಳನ ಭಾವಚಿತ್ರವನ್ನು ಚಾವಡಿಯಲ್ಲಿ ತೂಗುಹಾಕಿದಂತೆ ಇದು. ವೈರಸ್ಸು ಒಳಹೊಕ್ಕು ತನ್ನ ಸಂದೇಶಗಳನ್ನು ಹೊರಡಿಸಿದೊಡನೆ ಜೀವಕೋಶ ಅವನ್ನು ಗುರುತು ಹಿಡಿದು ಕತ್ತರಿಸುತ್ತದೆ. ಹೀಗೆ ಮಾರ್ಪಡಿಸಿದ ಹುಳುಗಳು ರೋಗವನ್ನು ಚೆನ್ನಾಗಿ ತಾಳಿದವೆಂದು 2013ರಲ್ಲಿ ಪ್ರಕಟವಾಯಿತು. ಪ್ರಯೋಗಾಲಯದ ತಟ್ಟೆಯಿಂದ ರೈತನ ಚಂದ್ರಿಕೆಯವರೆಗಿನ ದಾರಿ ಉದ್ದ. ಅದನ್ನು ಅವಸರದಿಂದ ದಾಟುವುದು ತಕ್ಕದ್ದಲ್ಲ ಎಂಬುದೇ ನಮ್ಮ ಅಭಿಪ್ರಾಯ.

ರೇಷ್ಮೆಯೆಂದರೆ ಹಿಪ್ಪುನೇರಳೆಯದೊಂದೇ ಅಲ್ಲ. ಅಸ್ಸಾಮಿನಲ್ಲಿ ಮೂಗಾ ಎಂಬ ಬಂಗಾರದ ಬಣ್ಣದ ರೇಷ್ಮೆಯಿದೆ. ಅದರ ಹುಳು ಮನೆಯ ತಟ್ಟೆಯಲ್ಲಿ ಬೆಳೆಯುವಂಥದಲ್ಲ. ಬಯಲಿನಲ್ಲಿ ಮರಗಳ ಮೇಲೆಯೇ ಬಿಟ್ಟು, ಹಕ್ಕಿಗಳಿಂದ ಕಾಯ್ದು ಬೆಳೆಸಬೇಕು. ಅದಕ್ಕೆ ಇರುವುದು 15 ಜೊತೆ ವರ್ಣತಂತುಗಳು ಮಾತ್ರ. ಆದರೆ ಗ್ರಂಥ ಚಿಕ್ಕದಲ್ಲ, ಸುಮಾರು 50 ಕೋಟಿ ಅಕ್ಷರ. ಈ ಜೀನೋಮನ್ನು ಓದಿ ಜೋಡಿಸುವ ಕೆಲಸವನ್ನು ಕೇಂದ್ರ ರೇಷ್ಮೆ ಮಂಡಳಿಗೆ ಸೇರಿದ ಅದೇ ಬೆಂಗಳೂರಿನ ಪ್ರಯೋಗಾಲಯದ ವಿಜ್ಞಾನಿಗಳು ಮಾಡಿದರು. ಬ್ರಹ್ಮಪುತ್ರೆಯ ದಡದ ಪತಂಗದ ಓಲೆಕಟ್ಟನ್ನು ಕನ್ನಡನಾಡಿನಲ್ಲಿ ಬಿಚ್ಚಿ ಓದಿದಂತಾಯಿತು.

ನಮ್ಮ ಶಿರೋಳ ತಾಲೂಕಿನಲ್ಲಿ ಹಿಪ್ಪುನೇರಳೆಗಿಂತ ಕಬ್ಬು ಹೆಚ್ಚು. ಇಲ್ಲಿಯವರಿಗೆ ಪತಂಗವೆಂದರೆ ನೂಲು ಕೊಡುವ ಪ್ರಾಣಿಯಲ್ಲ, ಬೆಳೆ ತಿನ್ನುವ ಪೀಡೆ. ಕಬ್ಬಿನ ಸುಳಿ ಕೊರೆಯುವುದು ಪತಂಗದ ಮರಿಯೇ. ಮರಾಠಿಯಲ್ಲಿ ಲಷ್ಕರಿ ಅಳಿ ಎಂದು ಕರೆಯುವ ಹೊಸ ಸೈನಿಕ ಹುಳುವೂ ಪತಂಗದ ಮರಿಯೇ. ಅಮೆರಿಕ ಖಂಡದ ಈ ಹುಳು ನಮ್ಮ ದೇಶದಲ್ಲಿ ಮೊದಲು ಕಂಡದ್ದು 2018ರ ಮೇ ತಿಂಗಳಲ್ಲಿ, ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ. ಅದೇ ವರ್ಷ ಮಹಾರಾಷ್ಟ್ರಕ್ಕೂ ಬಂತು. ವಿಚಿತ್ರವೆಂದರೆ ಹುಳು ಬರುವುದಕ್ಕೆ ನಾಲ್ಕು ವರ್ಷ ಮೊದಲೇ, 2014ರಲ್ಲಿ, ದಿಲ್ಲಿಯ ವಿಜ್ಞಾನಿಗಳು ಅದರ ಜೀನೋಮಿನ ಕರಡನ್ನು ಪ್ರಕಟಿಸಿದ್ದರು! ಅದರ ಜೀವಕೋಶಗಳನ್ನು ಪ್ರಯೋಗಾಲಯದ ಸೀಸೆಗಳಲ್ಲಿ ಬೆಳೆಸಿ ಪ್ರೋಟೀನು ತಯಾರಿಸುವ ಪದ್ಧತಿ ಹಿಂದಿನಿಂದ ಇತ್ತು. ಅವರು ಓದಿದ್ದು ಆ ಸೀಸೆಯ ಜೀವಕೋಶಗಳನ್ನೇ.

ಸೈನಿಕ ಹುಳು ಕಂಡದ್ದನ್ನೆಲ್ಲ ತಿನ್ನುತ್ತದೆ. ರೇಷ್ಮೆ ಹುಳು ಹಿಪ್ಪುನೇರಳೆ ಬಿಟ್ಟು ಬೇರೆ ಎಲೆಯನ್ನು ಮೂಸುವುದೂ ಅಪರೂಪ. ಎರಡೂ ಗ್ರಂಥಗಳನ್ನು ಎದುರಿಗಿಟ್ಟುಕೊಂಡಾಗ ಇದಕ್ಕೂ ಕಾರಣ ಹೊಳೆಯತೊಡಗಿತು. ರುಚಿಯನ್ನು ಗ್ರಹಿಸುವ ಜೀನುಗಳು ರೇಷ್ಮೆ ಹುಳುವಿನಲ್ಲಿ ಎಪ್ಪತ್ತರ ಆಸುಪಾಸು ಇವೆ. 2017ರಲ್ಲಿ ಫ್ರಾನ್ಸಿನವರ ಮುಂದಾಳುತನದಲ್ಲಿ ಸೈನಿಕ ಹುಳುವಿನ ಜೀನೋಮನ್ನು ಹೊಸದಾಗಿ ಜೋಡಿಸಿದಾಗ ಅದರಲ್ಲಿ ಇಂಥವು ಇನ್ನೂರಕ್ಕೂ ಹೆಚ್ಚು ಸಿಕ್ಕವು. ಎರಡು ವರ್ಷಗಳ ನಂತರ, 2019ರಲ್ಲಿ, ಚೀನದವರು ರೇಷ್ಮೆ ಹುಳುವಿನ ರುಚಿಯ ಜೀನುಗಳಲ್ಲಿ ಒಂದನ್ನು ಕೆಡಿಸಿ ನೋಡಿದರು. ಆ ಹುಳುಗಳ ಮುಂದೆ ಹಣ್ಣುಗಳನ್ನೂ ಕಾಳುಗಳನ್ನೂ ಇಟ್ಟಾಗ ಅವು ಹಿಂದುಮುಂದು ನೋಡದೆ ತಿನ್ನತೊಡಗಿದವು. ಹಿಪ್ಪುನೇರಳೆಯ ಎಲೆ ಕೊಟ್ಟರೆ ಎಂದಿನಂತೆ ಅದನ್ನೂ ತಿಂದವು.